ಹಳೆಯ ತೊಟ್ಟಿಮನೆ ದುರಸ್ತಿಗೆ ಮುನ್ನ: ನೀರು, ಸೂರು, ಗಾಳಿ, ಆಮೇಲೆ ಕರೆಂಟು

ಹಾಸನ ಸೀಮೆಯಲ್ಲಿ ಅಜ್ಜನ ಕಾಲದ ಮನೆಯನ್ನು ಕೆಡವದೆ ಉಳಿಸಿಕೊಳ್ಳಬೇಕೆಂದು ಹೊರಟವರು ಮೇಸ್ತ್ರಿಯನ್ನು ಕೇಳುವ ಮೊದಲ ಪ್ರಶ್ನೆ, ‘ಎಷ್ಟು ಬೀಳುತ್ತೆ?’ ಎರಡನೆಯದು, ‘ಎಸಿ ಹಾಕಿಸಬಹುದಾ?’ ಮೊದಲನೆಯದಕ್ಕೆ ಮನೆ ನೋಡದೆ ಉತ್ತರ ಹೇಳಲಾಗದು. ಎರಡನೆಯದಕ್ಕೆ ಹೇಳಬಹುದು: ಹಾಕಿಸಬಹುದು, ಆದರೆ ಅದು ಪಟ್ಟಿಯ ಕೊನೆಯಲ್ಲಿರಲಿ. ಅದಕ್ಕೂ ಮೊದಲಿನ ಕೆಲಸಗಳನ್ನು ಸರಿಯಾಗಿ ಮಾಡಿದರೆ ನಮ್ಮ ಕಡೆಯ ಬಹುಪಾಲು ಮನೆಗಳಿಗೆ ಅದು ಬೇಕಾಗುವುದೇ ಇಲ್ಲ. ಆ ಕೆಲಸಗಳು ಯಾವುವು, ಯಾವುದರ ಹಿಂದೆ ಯಾವುದು, ಏಕೆ ಎಂಬುದನ್ನು ಇದಕ್ಕೆ ಹೊಸದಾಗಿ ಕೈ ಹಾಕುವವರಿಗೆ ನಿಧಾನವಾಗಿ ಹೇಳುತ್ತೇನೆ. ಮನೆಯ ಮಾಲೀಕರು, ಡಿಪ್ಲೊಮಾ ಮುಗಿಸಿ ಬಂದ ಹುಡುಗ ಹುಡುಗಿಯರು, ಇಬ್ಬರೂ ಓದಬಹುದು.

ಪುರಾತನ ಕಟ್ಟಡ ಎಂದ ಕೂಡಲೇ ನಮ್ಮ ಜಿಲ್ಲೆಯವರಿಗೆ ಬೇಲೂರು, ಹಳೇಬೀಡು ನೆನಪಾಗುತ್ತವೆ. 2023ರಲ್ಲಿ ಸೋಮನಾಥಪುರದ ಜೊತೆ ಅವು ಯುನೆಸ್ಕೊ ಪಟ್ಟಿಗೂ ಸೇರಿದವು. ಅವುಗಳ ಮಾತು ಬೇರೆ. ಅಲ್ಲಿ ಯಾರೂ ಅಡುಗೆ ಮಾಡುವುದಿಲ್ಲ, ಫ್ಯಾನ್ ಕೆಳಗೆ ಮಲಗುವುದಿಲ್ಲ. ನಾನು ಹೇಳುತ್ತಿರುವುದು ಜನ ಬಾಳುವ ಮನೆಗಳ ವಿಷಯ. ಹೊಳೆನರಸೀಪುರದ ಕೋಟೆಯ ಬೀದಿಗಳು, ಅರಕಲಗೂಡಿನ ಪೇಟೆ, ಕಾವೇರಿ ದಂಡೆಯ ರುದ್ರಪಟ್ಟಣದಂಥ ಅಗ್ರಹಾರಗಳು, ಚನ್ನರಾಯಪಟ್ಟಣದ ಸುತ್ತಲ ತೆಂಗಿನ ತೋಟದ ಊರುಗಳು, ಹಾಸನದ ಹಳೆಯ ಕೇರಿಗಳು. ಜಗುಲಿ, ಪಡಸಾಲೆ, ನಡುವೆ ತೊಟ್ಟಿ, ಅದರ ಸುತ್ತ ಕಂಬಸಾಲು, ಹಿಂದೆ ಅಡುಗೆಮನೆ, ಬಚ್ಚಲು, ಹಿತ್ತಿಲು. ಮಣ್ಣಿನ ಗೋಡೆ ಅಥವಾ ಸುಣ್ಣದ ಗಾರೆಯಲ್ಲಿ ಕಟ್ಟಿದ ಇಟ್ಟಿಗೆ ಗೋಡೆ, ಮೇಲೆ ನಾಡಹೆಂಚು ಇಲ್ಲವೆ ಮಂಗಳೂರು ಹೆಂಚು, ಅನುಕೂಲಸ್ಥರ ಮನೆಯಾದರೆ ಮದ್ರಾಸ್ ತಾರಸಿ.

ಇಂಥ ಮನೆಯ ವಿಷಯದಲ್ಲಿ ಶಕ್ತಿ ಉಳಿಸುವುದು ಎಂದರೆ ಎರಡು ಲೆಕ್ಕ. ತಿಂಗಳು ತಿಂಗಳು ಸೆಸ್ಕ್ ಕರೆಂಟ್ ಬಿಲ್ಲಿನಲ್ಲಿ ಕಾಣುವುದು ಒಂದು. ಕಟ್ಟುವಾಗಲೇ ಖರ್ಚಾಗಿಹೋದ ಶಕ್ತಿ ಇನ್ನೊಂದು: ಇಟ್ಟಿಗೆ ಸುಟ್ಟಿದ್ದು, ಸುಣ್ಣ ಬೇಯಿಸಿದ್ದು, ಮರ ಸಾಗಿಸಿದ್ದು. ಈ ಎರಡನೆಯದನ್ನು ಅಳೆಯುವ ಕೆಲಸದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಾತ್ರ ದೊಡ್ಡದು. 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರು ಅಲ್ಲಿ ಆರಂಭಿಸಿದ ‘ಅಸ್ತ್ರ’ ಕೇಂದ್ರವನ್ನು ನಮ್ಮ ಹಳ್ಳಿಗಳು ಅಸ್ತ್ರ ಒಲೆಯ ಮೂಲಕ ಬಲ್ಲವು. ಅದೇ ಬಳಗದ ಕೆ.ಎಸ್. ಜಗದೀಶ್ ಮತ್ತು ಬಿ.ವಿ. ವೆಂಕಟರಾಮ ರೆಡ್ಡಿ 2003ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಒಂದು ಚದರ ಮೀಟರ್ ಆರ್‌ಸಿಸಿ ಚಾವಣಿಗೆ ಸುಮಾರು 730 ಮೆಗಾಜೌಲ್ ಶಕ್ತಿ ಬೇಕು. ಅಷ್ಟೇ ಅಗಲದ ಮಂಗಳೂರು ಹೆಂಚಿನ ಮಾಡಿಗೆ 227 ಸಾಕು. ನಿಮ್ಮ ಮನೆಯ ಹೆಂಚಿನ ಮಾಡಂತೂ ಈಗಾಗಲೇ ಅಲ್ಲಿದೆ, ಅದರ ಶಕ್ತಿಯ ಸಾಲ ಎಂದೋ ತೀರಿಹೋಗಿದೆ. ಅದನ್ನು ಇಳಿಸಿ ಸ್ಲ್ಯಾಬ್ ಹಾಕಿದರೆ ಹೊಸ ಸಾಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಿಡಿಸಬೇಕು. ಸುಣ್ಣ ‘ಹಸಿರು’, ಸಿಮೆಂಟ್ ‘ಪಾಪಿ’ ಎಂದು ಕೆಲವರು ಸಲೀಸಾಗಿ ಹೇಳಿಬಿಡುತ್ತಾರೆ. ಅದೇ ಲೆಕ್ಕದಲ್ಲಿ ಕಿಲೋ ಸಿಮೆಂಟಿಗೆ 5.85 ಮೆಗಾಜೌಲ್, ಕಿಲೋ ಸುಣ್ಣಕ್ಕೆ 5.63. ಹೆಚ್ಚುಕಡಿಮೆ ಸಮ, ಏಕೆಂದರೆ ಸುಣ್ಣ ಬೇಯಿಸಲೂ ಬೆಂಕಿ ಬೇಕು. ಹಳೆಯ ಗೋಡೆಗೆ ಸುಣ್ಣವೇ ಬೇಕು ಎನ್ನುವುದಕ್ಕೆ ಕಾರಣ ಬೇರೆ ಇದೆ, ಗೋಡೆಯ ಮಾತು ಬಂದಾಗ ಹೇಳುತ್ತೇನೆ.

ಮೊದಲು ಮನೆ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಬೇಕು. ಹಾಸನ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಏಪ್ರಿಲಿನ ಮಧ್ಯಾಹ್ನ 33–35 ಡಿಗ್ರಿ ಮುಟ್ಟಿದರೂ ರಾತ್ರಿ 20ರ ಆಸುಪಾಸಿಗೆ ಇಳಿಯುತ್ತದೆ. ಹಗಲಿಗೂ ರಾತ್ರಿಗೂ ಹತ್ತು ಡಿಗ್ರಿಗಿಂತ ಹೆಚ್ಚಿನ ಈ ಅಂತರವೇ ನಮ್ಮ ಬಂಡವಾಳ. ಕರಾವಳಿಯವರಿಗೆ ಈ ಭಾಗ್ಯವಿಲ್ಲ. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆಯ ಹೊರಮೈಗೆ ಬಿದ್ದ ಬಿಸಿ ಒಳಮೈ ಮುಟ್ಟಲು ಎಂಟು–ಹತ್ತು ಗಂಟೆಯೋ ಇನ್ನೂ ಹೆಚ್ಚೋ ಬೇಕು. ಅಷ್ಟರಲ್ಲಿ ಹೊತ್ತು ಮುಳುಗಿ, ಹೊರಗೆ ತಂಪಾಗಿ, ಬಿಸಿ ಬಂದ ದಾರಿಯಲ್ಲೇ ವಾಪಸು ಹೋಗಲು ಶುರುವಾಗಿರುತ್ತದೆ. ಐದು ಇಂಚಿನ ಕಾಂಕ್ರೀಟ್ ಸ್ಲ್ಯಾಬ್ ಮೂರು–ನಾಲ್ಕು ಗಂಟೆಯಲ್ಲೇ ಬಿಸಿಯನ್ನು ಕೆಳಕ್ಕೆ ದಾಟಿಸುತ್ತದೆ. ಹಾಗಾಗಿ ಆರ್‌ಸಿಸಿ ಮನೆಯಲ್ಲಿ ರಾತ್ರಿ ಒಂಬತ್ತಕ್ಕೂ ಚಾವಣಿ ಕೆಂಡದಂತಿರುತ್ತದೆ, ಫ್ಯಾನು ಆ ಬಿಸಿಯನ್ನೇ ತಲೆಯ ಮೇಲೆ ಸುರಿಯುತ್ತದೆ.

ಇನ್ನು ಸೂರ್ಯ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ನಾಲ್ಕೂ ತಾಲ್ಲೂಕುಗಳು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮೂರನೆಯ ವಾರ ನಡುಹಗಲಿಗೆ ಸೂರ್ಯ ನೆತ್ತಿಯ ನೇರಕ್ಕೆ ಬರುತ್ತಾನೆ. ಆಗಸ್ಟಿನಲ್ಲಿ ಮೋಡ ಕಾಪಾಡುತ್ತದೆ, ಏಪ್ರಿಲಿನಲ್ಲಿ ಯಾರೂ ಕಾಪಾಡುವುದಿಲ್ಲ. ಅಂದರೆ ಬೇಸಿಗೆಯಲ್ಲಿ ಮನೆಗೆ ಬರುವ ಬಿಸಿಯ ದೊಡ್ಡ ಪಾಲು ಮಾಡಿನಿಂದ. ಉಳಿದದ್ದು ಬೆಳಗಿನ ಪೂರ್ವದ ಗೋಡೆ, ಸಂಜೆಯ ಪಶ್ಚಿಮದ ಗೋಡೆಯಿಂದ. ಅಗ್ರಹಾರದ ಸಾಲುಮನೆಗಳಲ್ಲಿ ಅಕ್ಕಪಕ್ಕದವರಿಗೆ ಒಂದೇ ಗೋಡೆ. ಆ ಗೋಡೆಗೆ ಬಿಸಿಲೇ ಇಲ್ಲ. ಪಕ್ಕದ ಮನೆ ಬಿದ್ದು ಖಾಲಿ ನಿವೇಶನವಾದ ಬೇಸಿಗೆಯಲ್ಲೇ ‘ಈ ಸಲ ಸೆಕೆ ಜಾಸ್ತಿ’ ಅನ್ನಿಸಲು ಇದೂ ಒಂದು ಕಾರಣ. ಬೀದಿಯ ಒಂದು ಮನೆ ಉಳಿದರೆ ಎರಡು ಮನೆ ತಂಪಾಗಿರುತ್ತವೆ.

ಹೊರದೇಶಗಳಲ್ಲಿ ಈ ವಿಷಯದಲ್ಲಿ ಸಾಕಷ್ಟು ಬರೆದಿದ್ದಾರೆ. ಯುರೋಪಿನಲ್ಲಿ 2017ರಿಂದ ಇಎನ್ 16883 ಎಂಬ ಮಾನದಂಡವೇ ಇದೆ: ಐತಿಹಾಸಿಕ ಕಟ್ಟಡಗಳ ಶಕ್ತಿ ಬಳಕೆ ಸುಧಾರಿಸುವಾಗ ಹೇಗೆ ಹೆಜ್ಜೆ ಇಡಬೇಕು ಎಂಬುದಕ್ಕೆ. ಅಳೆದು, ಮನೆಯನ್ನು ಇಡಿಯಾಗಿ ನೋಡಿ, ಆಮೇಲೆ ಕೈ ಹಾಕಿ ಎಂಬ ಅದರ ಕ್ರಮ ನಮಗೂ ಸರಿ. ಅವರ ಮದ್ದು ಮಾತ್ರ ನಮಗಲ್ಲ. ಅಲ್ಲಿ ತೊಂದರೆ ಚಳಿ. ಕಿಟಕಿಯ ಸಂದು ಮುಚ್ಚು, ಎರಡು ಪದರದ ಗಾಜು ಹಾಕು, ಗೋಡೆಗೆ ಒಳಗಿನಿಂದ ಹೊದಿಕೆ ಹೊದಿಸು ಎನ್ನುವುದು ಒಳಗಿನ ಬಿಸಿ ಹೊರಹೋಗದಂತೆ ತಡೆಯಲು. ನಮಗೆ ಬೇಕಾದದ್ದು ಒಳಗಿನ ಬಿಸಿಯನ್ನು ಹೊರಗಟ್ಟುವುದು. ಯೂಟ್ಯೂಬ್ ನೋಡಿ ಗೋಡೆಗೆ ಫೋಮ್ ಹೊಡೆಸಲು ಹೊರಟವರಿಗೆ ಇದನ್ನು ಎರಡೆರಡು ಸಲ ಹೇಳಬೇಕಾಗುತ್ತದೆ.

ಅಳತೆಗೆ ದೊಡ್ಡ ಸಲಕರಣೆ ಬೇಡ. ಎರಡು ಅಗ್ಗದ ಡಿಜಿಟಲ್ ಥರ್ಮಾಮೀಟರ್ ತನ್ನಿ, ತೇವಾಂಶವನ್ನೂ ತೋರಿಸುವಂಥವು. ಒಂದನ್ನು ನಡುಮನೆಯಲ್ಲಿ, ಇನ್ನೊಂದನ್ನು ಜಗುಲಿಯ ನೆರಳಲ್ಲಿ ಇಡಿ. ಬೆಳಿಗ್ಗೆ ಆರು, ಮಧ್ಯಾಹ್ನ ಎರಡು, ರಾತ್ರಿ ಒಂಬತ್ತಕ್ಕೆ ಒಂದು ವಾರ ಬರೆದಿಡಿ. ಮಧ್ಯಾಹ್ನ ಒಳಗಿನದು ಹೊರಗಿನದಕ್ಕಿಂತ ನಾಲ್ಕೈದು ಡಿಗ್ರಿ ಕಡಿಮೆಯಿದ್ದರೆ ಮನೆ ಆರೋಗ್ಯವಾಗಿದೆ. ಎರಡೂ ಸಮವಾಗಿದ್ದರೆ ಮಾಡು ಹದಗೆಟ್ಟಿದೆ. ರಾತ್ರಿ ಒಂಬತ್ತಕ್ಕೆ ಒಳಗೇ ಹೆಚ್ಚು ಬಿಸಿಯಿದ್ದರೆ ಗಾಳಿಯ ದಾರಿ ಕಟ್ಟಿದೆ. ಜೊತೆಗೆ ಕರೆಂಟ್ ಮೀಟರನ್ನೂ ಓದಿ. ಗೃಹಜ್ಯೋತಿ ಯೋಜನೆಯಲ್ಲಿ ಕರೆಂಟು ಉಚಿತವಾದ ಮೇಲೆ ಅನೇಕರು ಮೀಟರ್ ಕಡೆ ನೋಡುವುದನ್ನೇ ಬಿಟ್ಟಿದ್ದಾರೆ. ಆದರೆ ಉಚಿತಕ್ಕೂ ಮಿತಿಯಿದೆ: ಹಿಂದಿನ ಸರಾಸರಿಯ ಮೇಲೆ ಒಂದಿಷ್ಟು, ಅದೂ 200 ಯೂನಿಟ್ ಒಳಗೆ.

ಈಗ ಕೆಲಸಕ್ಕೆ ಬರೋಣ. ಮೊದಲನೆಯದು ನೀರು. ಶಕ್ತಿ ಉಳಿಸುವ ಮಾತಿನಲ್ಲಿ ನೀರೇಕೆ ಬಂತು ಎಂದು ವಿದ್ಯಾರ್ಥಿಗಳು ಹುಬ್ಬೇರಿಸುತ್ತಾರೆ. ನೆನೆದ ಗೋಡೆ ಒಣಗಿದ ಗೋಡೆಗಿಂತ ಬೇಗ ಬಿಸಿಯನ್ನು ದಾಟಿಸುತ್ತದೆ, ಮಳೆಗಾಲದಲ್ಲಿ ಒಳಗೆ ಥಂಡಿ ಹಿಡಿಸುತ್ತದೆ, ಬೂಷ್ಟು ಬರುತ್ತದೆ. ಬಟ್ಟೆ ಒಣಗಲು ಹಗಲೂ ರಾತ್ರಿ ಫ್ಯಾನ್ ತಿರುಗುತ್ತದೆ. ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕುವುದೇ ಅರ್ಧ ದುರಸ್ತಿ.

ನಮ್ಮ ಪೇಟೆಗಳಲ್ಲಿ ಅದಕ್ಕೆ ಒಂದು ಖಾಸಾ ಮೂಲವಿದೆ: ರಸ್ತೆ. ಡಾಂಬರಿನ ಮೇಲೆ ಡಾಂಬರು, ಅದರ ಮೇಲೆ ಕಾಂಕ್ರೀಟ್ ಹಾಕುತ್ತಾ ಹೋಗಿ ಬೀದಿ ಅಡಿಗಟ್ಟಲೆ ಏರಿದೆ. ಹಿಂದೆ ಮೂರು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಜಗುಲಿಗೆ ಈಗ ಒಂದು ಮೆಟ್ಟಿಲು, ಕೆಲವು ಕಡೆ ಇಳಿದೇ ಹೋಗಬೇಕು. ಬೀದಿಯ ನೀರು ತಳಪಾಯಕ್ಕೆ ಇಂಗುತ್ತದೆ, ಗೋಡೆ ಅದನ್ನು ಮೇಲಕ್ಕೆ ಹೀರುತ್ತದೆ. ಮನೆಯವರು ಗಾಬರಿಯಾಗಿ ಕೆಳಗಿನ ಮೂರಡಿಗೆ ಸಿಮೆಂಟ್ ಬಳಿಸುತ್ತಾರೆ. ತೇವ ಹೊರಬರಲು ದಾರಿಯಿಲ್ಲದೆ ಸಿಮೆಂಟಿನ ಹಿಂದೆಯೇ ಏರಿ, ನಾಲ್ಕನೆಯ ಅಡಿಯಲ್ಲಿ ಬಿಳಿ ಉಪ್ಪಾಗಿ ಕಾಣಿಸಿಕೊಂಡು ಗಾರೆಯನ್ನು ಉದುರಿಸುತ್ತದೆ. ಮತ್ತೆ ಸಿಮೆಂಟ್ ಐದಡಿಗೆ ಏರುತ್ತದೆ. ಈ ಓಟದಲ್ಲಿ ಗೆಲ್ಲುವುದು ಯಾವಾಗಲೂ ನೀರೇ. ಮಾಡಬೇಕಾದದ್ದು ಗೋಡೆಯ ಬುಡದ ಉದ್ದಕ್ಕೂ ಚರಂಡಿ ತೆಗೆದು ಜಲ್ಲಿ ತುಂಬಿ ನೀರಿಗೆ ಬೇರೆ ದಾರಿ ಕೊಡುವುದು, ಸಿಮೆಂಟ್ ಕೆತ್ತಿ ತೆಗೆಯುವುದು, ಗೋಡೆಯನ್ನು ಒಂದು ಬೇಸಿಗೆ ಪೂರ್ತಿ ಬರಿಮೈಯಲ್ಲಿ ಒಣಗಲು ಬಿಡುವುದು. ಹಿತ್ತಿಲಲ್ಲಿ ಬಚ್ಚಲ ನೀರು, ತೊಟ್ಟಿಯಲ್ಲಿ ಕಟ್ಟಿಕೊಂಡ ಕಲ್ಲು ದೋಣಿ, ಮುರಿದ ಸೂರಿನ ದೋಣಿ ಇವನ್ನೂ ಅದೇ ಕೈಯಲ್ಲಿ ನೋಡಿಬಿಡಿ.

ಎರಡನೆಯದು ಮಾಡು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ 1865ರಲ್ಲಿ ಆರಂಭಿಸಿದ ಹೆಂಚಿನ ಕಾರ್ಖಾನೆಯಿಂದ ಹುಟ್ಟಿದ ಈ ಕೆಂಪು ಹೆಂಚು ಘಟ್ಟ ಹತ್ತಿ ನಮ್ಮ ಊರುಗಳನ್ನೆಲ್ಲ ಮುಚ್ಚಿತು. ಹೆಂಚಿನ ಗುಣ ಗಾಳಿಯಾಡುವುದು, ಒಡೆದರೆ ಒಂದನ್ನೇ ಬದಲಿಸಬಹುದಾದದ್ದು. ದೋಷ, ಬಿಸಿಲಲ್ಲಿ ಬೇಗ ಕಾಯುವುದು. ಕಾದ ಹೆಂಚಿನ ಕೆಳಗೆ ನೇರವಾಗಿ ಕುಳಿತರೆ ನೆತ್ತಿಗೆ ಝಳ ಹೊಡೆಯುತ್ತದೆ. ಹಿಂದಿನವರು ಹಾಗೆ ಕೂರುತ್ತಿರಲಿಲ್ಲ. ಹೆಂಚಿಗೂ ಕೋಣೆಗೂ ನಡುವೆ ಅಟ್ಟವಿತ್ತು. ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಹಲಗೆ ಅಥವಾ ಬಿದಿರು, ಅದರ ಮೇಲೆ ನಾಲ್ಕೈದು ಇಂಚು ಮಣ್ಣು ಹಾಕಿ ಬಡಿದ ಮುಚ್ಚಿಗೆ. ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೊ 2018ರಲ್ಲಿ ಹೊಸ ಮನೆಗಳಿಗಾಗಿ ತಂದ ‘ಇಕೊ ನಿವಾಸ್ ಸಂಹಿತಾ’ ಚಾವಣಿಗೆ ಒಂದು ಮಿತಿ ಹಾಕಿದೆ: ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಚದರ ಮೀಟರಿಗೆ 1.2 ವ್ಯಾಟ್‌ಗಿಂತ ಹೆಚ್ಚು ಶಾಖ ದಾಟಬಾರದು. ಬರಿಯ ಆರ್‌ಸಿಸಿ ಸ್ಲ್ಯಾಬ್ ಇದರ ಎರಡು ಪಟ್ಟಿಗೂ ಹೆಚ್ಚು ದಾಟಿಸುತ್ತದೆ. ಹೆಂಚು, ನಡುವಿನ ಗಾಳಿ, ಮಣ್ಣು, ಹಲಗೆ ಎಲ್ಲ ಸೇರಿಸಿ ಲೆಕ್ಕ ಹಾಕಿದರೆ ಹಳೆಯ ಮಣ್ಣುಮುಚ್ಚಿಗೆ ಆ ಮಿತಿಯ ಆಸುಪಾಸಿಗೇ ಬರುತ್ತದೆ.

ಆದ್ದರಿಂದ ಅಟ್ಟ ಇದ್ದರೆ ಮುಟ್ಟಬೇಡಿ, ಕಿತ್ತಿದ್ದರೆ ವಾಪಸು ಹಾಕಿಸಿ. ಮಣ್ಣಿನ ಭಾರ ಹೊರುವಷ್ಟು ಜಂತೆ ಗಟ್ಟಿಯಿಲ್ಲ ಎಂದಾದರೆ ಹಲಗೆ ಅಥವಾ ಬಿದಿರಿನ ಚಾಪೆಯ ಒಳಚಾವಣಿಯಾದರೂ ಇರಲಿ. ಹೆಂಚಿಗೂ ಅದಕ್ಕೂ ನಡುವೆ ಅಂತರ ಬಿಟ್ಟು, ಸೂರಿನ ಕಡೆಯಿಂದ ಗಾಳಿ ಒಳಹೊಕ್ಕು ಮಾಡಿನ ನೆತ್ತಿಯಿಂದ ಹೊರಹೋಗುವಂತೆ ಜಾಲರಿ ಕೊಡಿ. ಅಲ್ಯೂಮಿನಿಯಂ ಹಾಳೆ ಕಟ್ಟಿಸುವವರೂ ಇದ್ದಾರೆ. ಅದು ಕೆಲಸ ಮಾಡುತ್ತದೆ, ಆದರೆ ಹೊಳೆಯುವ ಮೈ ಕೆಳಮುಖವಾಗಿ, ಅದರ ಕೆಳಗೆ ಗಾಳಿಯ ಅಂತರ ಇರಬೇಕು. ಮೇಲ್ಮುಖವಾಗಿಟ್ಟರೆ ಒಂದೆರಡು ವರ್ಷದಲ್ಲಿ ಧೂಳು ಕೂತು ಹಾಳೆ ಬರಿಯ ತಗಡಾಗುತ್ತದೆ. ಥರ್ಮಾಕೋಲ್, ಪಿವಿಸಿ ಒಳಚಾವಣಿ ಬೇಡವೇ ಬೇಡ. ಗೆದ್ದಲು, ಇಲಿ, ಸೋರಿಕೆ ಮೂರೂ ಅದರ ಮರೆಯಲ್ಲಿ ಸುಖವಾಗಿ ಬೆಳೆಯುತ್ತವೆ, ಬೆಂಕಿ ಬಿದ್ದರಂತೂ ಕೇಳುವುದೇ ಬೇಡ.

ಕೋತಿಗಳ ಕಾಟ ತಾಳಲಾರದೆ ಹೆಂಚಿನಾಕಾರದ ಬಣ್ಣದ ತಗಡು ಹಾಕಿಸುವವರು ಈಚೆಗೆ ಹೆಚ್ಚಾಗಿದ್ದಾರೆ. ಅವರ ಕಷ್ಟ ನಿಜ, ನಾನು ಗೇಲಿ ಮಾಡುವುದಿಲ್ಲ. ತಗಡೇ ಆಗಬೇಕಾದರೆ ಹೆಂಚನ್ನು ಮಾರಿಬಿಡಬೇಡಿ, ಅಟ್ಟವನ್ನು ಬಿಡಬೇಡಿ, ತಿಳಿ ಬಣ್ಣದ್ದನ್ನೇ ಆರಿಸಿ.

ಮದ್ರಾಸ್ ತಾರಸಿ ಇದ್ದವರ ದಾರಿ ಸ್ವಲ್ಪ ಬೇರೆ. ಮರದ ಜಂತೆಗಳ ನಡುವೆ ತೆಳು ಇಟ್ಟಿಗೆಯನ್ನು ಅಡ್ಡಮಗ್ಗುಲಾಗಿ ಸುಣ್ಣದಲ್ಲಿ ಕೂರಿಸಿ, ಮೇಲೆ ಇಟ್ಟಿಗೆ ಚೂರು ಸುಣ್ಣದ ಕಾಂಕ್ರೀಟು, ಅದರ ಮೇಲೆ ಗಾರೆ. ಬಿರುಕು ಬಿಟ್ಟ ಕಡೆ ಸಿಮೆಂಟ್ ಸುರಿದರೆ ಭಾರ ಏರುತ್ತದೆ, ಬಿರುಕು ಪಕ್ಕಕ್ಕೆ ಸರಿಯುತ್ತದೆ. ಸುಣ್ಣ, ಸುರ್ಕಿ (ಇಟ್ಟಿಗೆ ಪುಡಿ), ಅಳಲೆಕಾಯಿ ನೆನೆಸಿದ ಬೆಲ್ಲದ ನೀರು ಸೇರಿಸಿದ ಗಾರೆಯಲ್ಲೇ ತುಂಬಿಸಿ, ಬಡಿದು, ನಯ ಮಾಡಿಸಿ. ಆಮೇಲೆ ಯುಗಾದಿಗೆ ಗೋಡೆಗೆ ಸುಣ್ಣ ಹೊಡೆಯುವಾಗ ತಾರಸಿಗೂ ಎರಡು ಕೈ ಹೊಡೆಸಿ. ಬಿಳಿ ಮೈ ಬಿಸಿಲಿನ ಹೆಚ್ಚಿನ ಪಾಲನ್ನು ಹಿಂದಕ್ಕೆ ಎಸೆಯುತ್ತದೆ. ಏಪ್ರಿಲ್ ಕೊನೆಯ ನೆತ್ತಿಸೂರ್ಯನಿಗೆ ಮುಂಚೆಯೇ ಯುಗಾದಿ ಬರುವುದರಿಂದ ದಿನ ಹುಡುಕುವ ಕಷ್ಟವೂ ಇಲ್ಲ. ಮಳೆಗೆ ಅದು ತೊಳೆದುಹೋಗುತ್ತದೆ, ಹೋಗಲಿ, ಬೇಕಾದದ್ದು ಬೇಸಿಗೆಗೆ ತಾನೆ.

ಮೂರನೆಯದು ತೊಟ್ಟಿ. ಇಡೀ ಮನೆಯ ಉಸಿರು ಇಲ್ಲಿದೆ, ಹಾಳುಗೆಡಹುವುದೂ ಹೆಚ್ಚಾಗಿ ಇಲ್ಲೇ. ರಾತ್ರಿ ತಣ್ಣಗಾದ ಗಾಳಿ ಭಾರವಾಗಿ ತೊಟ್ಟಿಗೆ ಇಳಿಯುತ್ತದೆ, ಸುತ್ತಲ ಕೋಣೆಗಳಿಗೆ ಹರಡುತ್ತದೆ. ಹಗಲು ಕೋಣೆಯ ಬಿಸಿ ಗಾಳಿ ಹಗುರಾಗಿ ಅದೇ ಬಾಯಿಂದ ಮೇಲೇರುತ್ತದೆ. ಶ್ರವಣಬೆಳಗೊಳದ ಜೈನಮಠದಲ್ಲೂ ನಡುವೆ ಹೀಗೊಂದು ತೆರೆದ ಅಂಗಳವಿದೆ, ಗೋಡೆಗಳ ಮೇಲೆ ಹಳೆಯ ವರ್ಣಚಿತ್ರಗಳಿವೆ. ಅಂಥ ಚಿತ್ರಗಳಿಗೆ ತೇವವೇ ಶತ್ರು, ಗಾಳಿಯಾಡುವ ಅಂಗಳವೇ ಕಾವಲು.

ನಾವು ಮಾಡುವುದೇನು? ಮಳೆ, ಕಳ್ಳ, ಕೋತಿ ಎಂದು ತೊಟ್ಟಿಯ ಬಾಯಿಗೆ ಪ್ಲಾಸ್ಟಿಕ್ ಶೀಟು ಜಡಿದು ಬಿಗಿ ಮಾಡುತ್ತೇವೆ. ಬೆಳಕು ಒಳಬರುತ್ತದೆ, ಬಿಸಿ ಹೊರಹೋಗುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ನಡುಮನೆ ಗಾಜಿನ ಡಬ್ಬಿ. ಮುಚ್ಚಲೇಬೇಕಾದರೆ ಸುತ್ತಲ ಮಾಡಿಗಿಂತ ಎರಡಡಿಯಾದರೂ ಎತ್ತರಿಸಿ ಮುಚ್ಚಿ, ನಾಲ್ಕೂ ಬದಿಗೆ ಕಂಬಿ ಮತ್ತು ಜಾಲರಿ ಹಾಕಿ ತೆರೆದಿಡಿ, ಮೇಲಿನ ಹೊದಿಕೆ ಹೊರಕ್ಕೆ ಚಾಚಿಕೊಂಡಿರಲಿ. ಹೊದಿಕೆ ಪೂರ್ತಿ ಪಾರದರ್ಶಕವಾಗಬೇಕಿಲ್ಲ. ಹೆಂಚೇ ಹೊದಿಸಿ ಉತ್ತರದ ಇಳಿಜಾರಿನಲ್ಲಿ ಒಂದೆರಡು ಗಾಜಿನ ಹೆಂಚು ಕೂರಿಸಿದರೆ ಬೇಕಾದಷ್ಟು ಬೆಳಕಾಯಿತು.

ಇದರ ಜೊತೆ ಒಂದು ಅಭ್ಯಾಸವೂ ಬೇಕು, ಅದಕ್ಕೆ ಕಾಸಿಲ್ಲ. ಬೇಸಿಗೆಯಲ್ಲಿ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಹೊರಕಿಟಕಿಗಳನ್ನು ಮುಚ್ಚಿ, ಸಂಜೆ ಹೊರಗೆ ತಂಪಾದ ಮೇಲೆ ಎಲ್ಲವನ್ನೂ ತೆರೆಯಬೇಕು. ಗವಾಕ್ಷಿಗಳು ರಾತ್ರಿಯಿಡೀ ತೆರೆದಿರಲಿ, ಸೊಳ್ಳೆ ಪರದೆ ಜಡಿದು. ನಮ್ಮ ಅಜ್ಜಿಯಂದಿರು ಈ ವೇಳಾಪಟ್ಟಿಯನ್ನು ತಪ್ಪದೆ ನಡೆಸುತ್ತಿದ್ದರು. ಈಗ ಬೆಳಿಗ್ಗೆ ಎಲ್ಲರೂ ಕೆಲಸಕ್ಕೆ ಹೋಗುವ ಮನೆಗಳಲ್ಲಿ ಅದು ಉಲ್ಟಾ ಆಗಿದೆ: ಹಗಲು ಗಾಳಿಗೆಂದು ತೆರೆಯುವುದು, ರಾತ್ರಿ ಭಯಕ್ಕೆ ಮುಚ್ಚುವುದು. ಕಂಬಿ ಗಟ್ಟಿ ಮಾಡಿಸುವ ಖರ್ಚು ಇಲ್ಲಿ ಶಕ್ತಿ ಉಳಿತಾಯದ ಖರ್ಚೇ.

ಗೋಡೆಯ ಮಾತು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದ ಮೇಲೆ ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಏಳುವ ಶೆಟ್ಟಿಹಳ್ಳಿಯ ಚರ್ಚನ್ನು ನೀವು ನೋಡಿರುತ್ತೀರಿ. 19ನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಮಾಡಿಲ್ಲ, ಕೆಲವು ಭಾಗ ಬಿದ್ದಿದೆ, ಆದರೂ ವರ್ಷ ವರ್ಷ ನೀರಲ್ಲಿ ನಿಂತು ಉಳಿದ ಗೋಡೆಗಳು ಸುಣ್ಣದ ಗಾರೆಯ ತಾಳಿಕೆಯನ್ನು ತೋರಿಸುತ್ತವೆ. ಬೆಲ್ಲ, ಮೊಟ್ಟೆ ಸೇರಿಸಿದ್ದರೆಂದು ಜನ ಹೇಳುತ್ತಾರೆ. ನೆನೆದ ಸುಣ್ಣದ ಗೋಡೆ ಮತ್ತೆ ಒಣಗುತ್ತದೆ, ಸೂಕ್ಷ್ಮ ಬಿರುಕುಗಳನ್ನು ತಾನೇ ಬೆಸೆದುಕೊಳ್ಳುತ್ತದೆ. ಮುಂದೆಂದೋ ಗೋಡೆ ಬಿಚ್ಚಬೇಕಾದರೆ ಇಟ್ಟಿಗೆಯಿಂದ ಸುಣ್ಣ ಬಿಡಿಸಿಕೊಳ್ಳುತ್ತದೆ, ಇಟ್ಟಿಗೆ ಮತ್ತೆ ಬಳಕೆಗೆ ಬರುತ್ತದೆ. ಸಿಮೆಂಟಿನಲ್ಲಿ ಕೂರಿಸಿದ್ದನ್ನು ಒಡೆದೇ ತೆಗೆಯಬೇಕು. ನಾನು ಆಗ ಹೇಳಿದ ಬೇರೆ ಕಾರಣ ಇದು. ಕಿಲೋ ಲೆಕ್ಕದಲ್ಲಿ ಸುಣ್ಣ ಗೆಲ್ಲುವುದಿಲ್ಲ, ತಲೆಮಾರಿನ ಲೆಕ್ಕದಲ್ಲಿ ಗೆಲ್ಲುತ್ತದೆ.

ಸುಣ್ಣದ ಹರಳನ್ನು ಕಬ್ಬಿಣದ ಡ್ರಮ್ಮಿನಲ್ಲಿ ನೀರಿಗೆ ಹಾಕಿ, ನೀರನ್ನು ಹರಳಿನ ಮೇಲೆ ಸುರಿಯಬೇಡಿ. ಕೊತಕೊತ ಕುದಿಯುತ್ತದೆ, ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ಗವಸು ಇಲ್ಲದೆ ಹತ್ತಿರ ಹೋಗಬೇಡಿ, ಮಕ್ಕಳನ್ನು ದೂರವಿಡಿ. ಆರಿದ ಮೇಲೆ ಜರಡಿ ಹಿಡಿದು, ಮೇಲೆ ಎರಡು ಇಂಚು ನೀರು ನಿಲ್ಲಿಸಿ ವಾರಗಟ್ಟಲೆ ಕೊಳೆಯಲು ಬಿಡಿ. ಹೆಚ್ಚು ದಿನ ಬಿಟ್ಟಷ್ಟೂ ಬೆಣ್ಣೆಯ ಹದಕ್ಕೆ ಬರುತ್ತದೆ. ಒಂದು ಪಾಲು ಈ ಸುಣ್ಣಕ್ಕೆ ಎರಡೂವರೆ–ಮೂರು ಪಾಲು ಮರಳು ಮತ್ತು ಸುರ್ಕಿ. ಒಮ್ಮೆಗೆ ಅರ್ಧ ಇಂಚಿಗಿಂತ ದಪ್ಪ ಬಳಿಯಬೇಡಿ, ಒಂದು ಪದರ ಗಟ್ಟಿಯಾದ ಮೇಲೆ ಇನ್ನೊಂದು, ನಡುವೆ ಗೋಣಿತಾಟು ನೆನೆಸಿ ನೇತುಹಾಕಿ ಬೇಗ ಒಣಗದಂತೆ ನೋಡಿಕೊಳ್ಳಿ. ಮಣ್ಣಿನ ಗೋಡೆಯಾದರೆ ಮೊದಲ ಪದರ ಮಣ್ಣಿನದೇ ಇರಲಿ. ಮೇಲೆ ಪ್ಲಾಸ್ಟಿಕ್ ಪೇಂಟ್ ಹೊಡೆದರೆ ಇಷ್ಟೂ ಶ್ರಮ ನೀರಲ್ಲಿ ಹೋಮ, ಬಣ್ಣ ಬೇಕಾದರೆ ಸುಣ್ಣಕ್ಕೇ ಕಾವಿ ಕಲಸಿ.

ಹಳೆಯ ಮರದ ಕಿಟಕಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಡಿಲವಾದ ಕದವನ್ನು ಬಡಗಿಯಿಂದ ಕೂರಿಸಿ, ಬಿಸಿಲು ಬೀಳುವ ಕಡೆ ಮೇಲೆ ಚಾಚು ಮಾಡಿಸಿ, ಅಷ್ಟೇ. ಅಲ್ಯೂಮಿನಿಯಂ ಸ್ಲೈಡಿಂಗ್ ಹಾಕಿದರೆ ತೆರೆಯುವುದು ಅರ್ಧ ಕಿಟಕಿ ಮಾತ್ರ, ಕಿಲೋ ಅಲ್ಯೂಮಿನಿಯಂ ತಯಾರಿಕೆಗೆ ಹೋಗುವ ಶಕ್ತಿ 200 ಮೆಗಾಜೌಲ್‌ಗೂ ಮೇಲೆ. ಹಳೆಯ ಮನೆ ಕತ್ತಲೆ ಎಂಬ ದೂರು ಮಾತ್ರ ನ್ಯಾಯವಾದದ್ದು. ಹೊಗೆ ಹಿಡಿದ ಅಡುಗೆಮನೆಯಲ್ಲಿ ಹೆಂಗಸರು ಕಣ್ಣು ಉಜ್ಜಿಕೊಂಡು ಬದುಕಿದ ಮನೆಗಳು ಇವು. ಹಳೆಯದೆಲ್ಲ ಚಿನ್ನ ಎಂದು ನಾನು ಹೇಳಲಾರೆ. ಅಡುಗೆಮನೆ, ಬಚ್ಚಲುಗಳನ್ನು ಹಿತ್ತಿಲ ಕಡೆ ಹೊಸದಾಗಿ ಕಟ್ಟಿ, ನೀರಿನ ಪೈಪು, ಭಾರವಾದ ಯಂತ್ರಗಳನ್ನೆಲ್ಲ ಅಲ್ಲಿಗೆ ಸಾಗಿಸುವುದು ಒಳ್ಳೆಯ ಉಪಾಯ. ಹಳೆಯ ಮೈ ಒಣಗಿರುತ್ತದೆ, ಹೊಸದರಲ್ಲಿ ಸೊಸೆಯಂದಿರು ನಿಂತು ಅಡುಗೆ ಮಾಡಬಹುದು.

ಇಷ್ಟಾದ ಮೇಲೆ ಕರೆಂಟು. ಹಳೆಯ ಫ್ಯಾನ್ 75 ವ್ಯಾಟ್ ಎಳೆದರೆ ಬಿಎಲ್‌ಡಿಸಿ ಫ್ಯಾನ್ 30ರ ಸುತ್ತಮುತ್ತ. ದಿನಕ್ಕೆ ಹತ್ತು ಗಂಟೆ ತಿರುಗುವ ಒಂದು ಫ್ಯಾನಿನಲ್ಲಿ ತಿಂಗಳಿಗೆ ಹದಿಮೂರು ಯೂನಿಟ್ ಉಳಿಯಿತು. ಬಲ್ಬುಗಳನ್ನು ಬಹುಪಾಲು ಜನ ಈಗಾಗಲೇ ಎಲ್‌ಇಡಿಗೆ ಬದಲಿಸಿದ್ದಾರೆ. ದೊಡ್ಡ ಹೊಟ್ಟೆಬಾಕ ಗೀಸರ್: 2 ಕಿಲೋವಾಟಿನದು ಅರ್ಧ ಗಂಟೆಗೆ ಒಂದು ಯೂನಿಟ್ ನುಂಗುತ್ತದೆ. ತೆಂಗಿನ ಗರಿ, ಮಟ್ಟೆ ಹಿತ್ತಿಲಲ್ಲೇ ಕೊಳೆಯುವ ಚನ್ನರಾಯಪಟ್ಟಣದ ಕಡೆ ಹಂಡೆ ಒಲೆಯನ್ನು ಒಡೆದುಹಾಕುವುದಕ್ಕೆ ನನಗಂತೂ ಕಾರಣ ಕಾಣುವುದಿಲ್ಲ, ಹೊಗೆ ಕೊಳವೆ ಸರಿಯಿದ್ದರೆ. ಸೋಲಾರ್ ನೀರೊಲೆ ಹಾಕಿಸುವುದಾದರೆ 200 ಲೀಟರ್ ಎಂದರೆ ನೀರೇ 200 ಕಿಲೋ ಎಂಬುದನ್ನು ಮರೆಯಬೇಡಿ. ಅದನ್ನು ಮದ್ರಾಸ್ ತಾರಸಿಯ ಮೇಲೋ ಹೆಂಚಿನ ಮಾಡಿನ ಮೇಲೋ ಕೂರಿಸದೆ ಹೊಸ ಬಚ್ಚಲಿನ ಮೇಲೆ ಕೂರಿಸಿ. ಸೋಲಾರ್ ಕರೆಂಟಿಗೂ ಹಾಗೆಯೇ. 2024ರ ‘ಪಿಎಂ ಸೂರ್ಯ ಘರ್’ ಯೋಜನೆಯಲ್ಲಿ 3 ಕಿಲೋವಾಟ್‌ಗೆ 78,000 ರೂಪಾಯಿವರೆಗೆ ಸಹಾಯಧನವಿದೆ ಎಂದು ಹೆಂಚಿನ ಮೇಲೆ ಕಬ್ಬಿಣ ಊರಲು ಹೋಗಬೇಡಿ. ಕೊಟ್ಟಿಗೆಯ ಮೇಲೆ ಅಥವಾ ಹಿತ್ತಿಲಲ್ಲಿ ಕಂಬ ನೆಟ್ಟು ಹಾಕಿಸಿ, ಬೀದಿಯಿಂದ ಕಾಣುವುದೂ ಇಲ್ಲ.

ಕರೆಂಟಿನ ಈ ಕೆಲಸಗಳಿಗೆಲ್ಲ ಮುಂಚೆ ಹಳೆಯ ವೈರಿಂಗ್ ಪೂರ್ತಿ ಬದಲಿಸಿ. ಅಟ್ಟದಲ್ಲಿ ಇಲಿ ಕಡಿದ ವೈರು, ಒಣಗಿದ ಮರ, ಎರಡೂ ಒಟ್ಟಿಗಿರಬಾರದು. ಮಣ್ಣಿನ ಗೋಡೆ ಕೊರೆದು ಪೈಪು ಹೂಳುವ ಬದಲು ಗೋಡೆಯ ಮೇಲೇ ಪಟ್ಟಿ ಹೊಡೆದು ಎಳೆಸಿ.

ಎಸಿಯ ಪ್ರಶ್ನೆ ಉಳಿದಿದೆ. ಹಾಸಿಗೆ ಹಿಡಿದ ಹಿರಿಯರಿಗೋ, ಕೂಸಿಗೋ ಬೇಕೇ ಬೇಕು ಎಂದಾದರೆ ಒಂದು ಚಿಕ್ಕ ಕೋಣೆ ಆರಿಸಿ. ಬಿಸಿಲು ತಾಗದ, ಅಟ್ಟವಿರುವ ಕೋಣೆ. ಅದರ ಬಾಗಿಲು ಕಿಟಕಿಯ ಸಂದುಗಳನ್ನು ಮಾತ್ರ ಮುಚ್ಚಿ. ಹೆಂಚು ನೇರವಾಗಿ ಕಾಣುವ ಕೋಣೆಗೆ ಎಸಿ ಹಾಕಿದರೆ ತಂಪಾಗುವುದು ಆಕಾಶ.

ಕಾಗದಪತ್ರದ ಮಾತೊಂದಿದೆ. ಶ್ರವಣಬೆಳಗೊಳ, ದೊಡ್ಡಗದ್ದವಳ್ಳಿಯಂಥ ಊರಿನಲ್ಲಿ ನಿಮ್ಮ ಮನೆ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗಿದ್ದರೆ ಹೊಸದಾಗಿ ಕಟ್ಟುವಂತಿಲ್ಲ. ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ದುರಸ್ತಿಗೆ ಅವಕಾಶವಿದೆ, ಅನುಮತಿ ಪಡೆದೇ ಮಾಡಬೇಕು. ಕೆಡವಿದರೆ ಮತ್ತೆ ಕಟ್ಟಲು ಬಿಡುವುದಿಲ್ಲ ಎಂಬ ಭಯದಿಂದಲೇ ಉಳಿದ ಹಳೆಯ ಮನೆಗಳೂ ಇವೆ.

ಕೆಲಸದ ಕಾಲ ಹೀಗಿರಲಿ. ಮಳೆಗಾಲದಲ್ಲಿ ಛತ್ರಿ ಹಿಡಿದು ನೀರಿನ ದಾರಿಗಳನ್ನು ಗುರುತಿಸಿ, ಸುಣ್ಣ ನೆನೆಹಾಕಿ. ದೀಪಾವಳಿ ಕಳೆದ ಮೇಲೆ ಚರಂಡಿ, ಸಿಮೆಂಟ್ ಕೀಳುವ ಕೆಲಸ. ಸಂಕ್ರಾಂತಿಯ ನಂತರ ಹೆಂಚು ಇಳಿಸಿ ರೀಪು, ಜಂತೆ ನೋಡಿ ಮತ್ತೆ ಹೊದಿಸಿ, ಶಿವರಾತ್ರಿಯೊಳಗೆ ಮಾಡಿನ ಕೆಲಸ ಮುಗಿಯಲಿ. ತೇವವಿಲ್ಲದ ಗೋಡೆಗಳ ಗಾರೆ ಚಳಿಗಾಲದಲ್ಲೇ ಆಗಲಿ, ಏಪ್ರಿಲ್ ಬಿಸಿಲಿಗೆ ಸುಣ್ಣ ಬೇಗ ಒಣಗಿ ಪುಡಿಯಾಗುತ್ತದೆ. ಕಾಂಕ್ರೀಟಿನವರಿಗೆ ಈ ನಿಧಾನ ಒಗ್ಗುವುದಿಲ್ಲ. ಸುಣ್ಣದ ಕೆಲಸ ಬಲ್ಲ ಮೇಸ್ತ್ರಿಯನ್ನು ಹುಡುಕುವಾಗ ‘ಎಷ್ಟು ದಿನ ನೆನೆಹಾಕ್ತೀರಿ?’ ಎಂದು ಕೇಳಿ ನೋಡಿ. ‘ಸಂಜೆ ಹಾಕಿ ಬೆಳಿಗ್ಗೆ ಬಳಿಯೋದು’ ಎಂದರೆ ಕಾಫಿ ಕೊಟ್ಟು ಕಳಿಸಿ. ಹೆಂಚು ಹೊದಿಸಿದವರಿಗೆ ಕೊನೆಯ ಕಂತನ್ನು ಮೊದಲ ಮಳೆಯವರೆಗೆ ಇಟ್ಟುಕೊಳ್ಳಿ. ಮಳೆ ಬರುವಾಗ ಟಾರ್ಚ್ ಹಿಡಿದು ಅಟ್ಟ ಹತ್ತಿ, ಸೋರುವ ಕಡೆಯೆಲ್ಲ ಜಂತೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಅವನ್ನು ಸರಿಪಡಿಸಿದ ಮೇಲೆ ಕೊಡಿ.